ಆರು ತಿಂಗಳ ಸೆರೆ



ದತ್ತಿ ಇಡುವವರ ಮನಸ್ಸು ನನಗೆ ಯಾವತ್ತೂ ಸೋಜಿಗ. ಕೈಯಲ್ಲಿದ್ದ ದುಡ್ಡನ್ನು ಅವರು ಅಂದೇ ಖರ್ಚು ಮಾಡಬಹುದಿತ್ತು. ಊರಿಗೆಲ್ಲ ಊಟ ಹಾಕಿಸಬಹುದಿತ್ತು, ಗುಡಿಗೆ ಒಂದು ಗಂಟೆ ಕಟ್ಟಿಸಿ ಹೆಸರು ಕೆತ್ತಿಸಬಹುದಿತ್ತು. ಅದನ್ನೆಲ್ಲ ಬಿಟ್ಟು, ಅಸಲು ಬ್ಯಾಂಕಿನಲ್ಲಿರಲಿ, ಬಡ್ಡಿಯಲ್ಲಿ ವರ್ಷಕ್ಕೊಂದು ಉಪನ್ಯಾಸ ನಡೆಯಲಿ ಎಂದು ಬರೆದುಕೊಟ್ಟು ಹೋಗುತ್ತಾರೆ. ಯಾರನ್ನು ಕರೆಯಬೇಕು, ಏನು ಮಾತಾಡಿಸಬೇಕು ಎಂಬುದನ್ನೂ ಮುಂದಿನವರಿಗೇ ಬಿಡುತ್ತಾರೆ. ಖರ್ಚನ್ನು ಕಾಲಕ್ಕೆ ಒಪ್ಪಿಸಿ, ತೀರ್ಮಾನವನ್ನು ಬೇರೆಯವರ ಬುದ್ಧಿಗೆ ಒಪ್ಪಿಸಿ ನಿಶ್ಚಿಂತರಾಗುತ್ತಾರೆ. ನಾನು ಇವತ್ತು ಮಾತಾಡಬೇಕೆಂದಿರುವುದು ಈ ಎರಡು ಬಗೆಯ ಒಪ್ಪಿಸುವಿಕೆಯ ಬಗ್ಗೆಯೇ. ಈಗ ಬೇಡ, ಆಮೇಲೆ ನೋಡೋಣ ಎನ್ನುವುದು ಒಂದು. ನನ್ನದೇನಿಲ್ಲ, ನೀವು ಹೇಳಿದ ಹಾಗೆ ಎನ್ನುವುದು ಇನ್ನೊಂದು. ಎರಡನ್ನೂ ನಾವು ಸಭ್ಯತೆ ಎಂದು ತಿಳಿಯುತ್ತೇವೆ. ಎಷ್ಟೋ ಸಲ ಅದು ಸಭ್ಯತೆಯೇ. ಆದರೆ ಅದರ ಲೆಕ್ಕ ಯಾರ ಹೆಸರಿಗೆ ಬೀಳುತ್ತದೆ ಎಂದು ನೋಡುವುದು ಕಡಿಮೆ.

ಶಿಗ್ಗಾಂವಿ ತಾಲ್ಲೂಕಿನ ಬಾಡದಿಂದ ಶುರು ಮಾಡುತ್ತೇನೆ. ಕನಕದಾಸರು ಹುಟ್ಟಿದ ಊರು. ಅವರ ಕೀರ್ತನೆಗಳನ್ನು ಹಾಡದ ಭಜನಾ ಮಂಡಳಿ ನಮ್ಮ ಕಡೆ ಇಲ್ಲ. ರಾಮಧಾನ್ಯ ಚರಿತ್ರೆ ಮಾತ್ರ ಹೆಸರಿನಿಂದ ಗೊತ್ತಿದ್ದಷ್ಟು ಓದಿನಿಂದ ಗೊತ್ತಿಲ್ಲ. ಭಾಮಿನಿ ಷಟ್ಪದಿಯ ಸಣ್ಣ ಕಾವ್ಯ, ಒಂದು ಮಧ್ಯಾಹ್ನದಲ್ಲಿ ಓದಿ ಮುಗಿಸಬಹುದು. ಅದರ ಮೇಲೆ ಜಾತಿ, ವರ್ಗ, ಅನ್ನದ ರಾಜಕಾರಣ ಎಂದು ವಿದ್ವಾಂಸರು ಬೇಕಾದಷ್ಟು ಬರೆದಿದ್ದಾರೆ, ಸರಿಯಾಗಿಯೇ ಬರೆದಿದ್ದಾರೆ. ನನ್ನ ಕಣ್ಣಿಗೆ ಬೀಳುವುದು ಅದರೊಳಗಿನ ಮೊಕದ್ದಮೆ, ಮತ್ತು ಆ ಮೊಕದ್ದಮೆಗೆ ಸಿಕ್ಕ ಮುದ್ದತು.

ರಾವಣನನ್ನು ಗೆದ್ದು ಅಯೋಧ್ಯೆಗೆ ಮರಳುವ ದಾರಿಯಲ್ಲಿ ರಾಮ ಮುನಿಗಳ ಆಶ್ರಮದಲ್ಲಿ ಇಳಿದುಕೊಳ್ಳುತ್ತಾನೆ. ಮುನಿಗಳು ಬಗೆಬಗೆಯ ಭಕ್ಷ್ಯ ತಂದು ಉಪಚಾರ ಮಾಡುತ್ತಾರೆ. ಇಷ್ಟೆಲ್ಲ ಧಾನ್ಯಗಳಲ್ಲಿ ಯಾವುದು ಶ್ರೇಷ್ಠ ಎಂಬ ಮಾತು ಬರುತ್ತದೆ. ಒಬ್ಬೊಬ್ಬರು ಒಂದೊಂದನ್ನು ಹೇಳುತ್ತಾರೆ. ಗೌತಮ ಮುನಿ ನರೆದಲೆಗ, ಅಂದರೆ ರಾಗಿ, ಎನ್ನುತ್ತಾನೆ. ವ್ರಿಹಿಗೆ, ಅಂದರೆ ಅಕ್ಕಿಗೆ, ಸಿಟ್ಟು ನೆತ್ತಿಗೇರುತ್ತದೆ. ಸಭೆಯಲ್ಲೇ ಎರಡಕ್ಕೂ ಜಗಳ. ಅಕ್ಕಿ ತನ್ನ ಕುಲ ಹೇಳಿಕೊಳ್ಳುತ್ತದೆ. ದೇವರ ನೈವೇದ್ಯಕ್ಕೆ ತಾನು, ಮಂಗಲ ಕಾರ್ಯಕ್ಕೆ ತಾನು, ಮೇಲಿನವರ ಎಲೆಗೆ ತಾನು. ರಾಗಿ ತನ್ನ ದುಡಿಮೆ ಹೇಳಿಕೊಳ್ಳುತ್ತದೆ. ಮಳೆ ಹೋದ ವರ್ಷ ಬಡವರ ಜೀವ ಹಿಡಿಯುವುದು ತಾನು, ಸಿರಿವಂತರ ಮುಖ ನೋಡಿ ಬದುಕುವುದು ನೀನು ಎಂದು ಹಂಗಿಸುತ್ತದೆ. ರಾಮ ಎರಡರ ಮಾತನ್ನೂ ಕೇಳಿ, ತೀರ್ಪು ಕೊಡದೆ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ತುಂಬಿದ ಮೇಲೆ ಅಯೋಧ್ಯೆಯಲ್ಲಿ ದೇವತೆಗಳೂ ಮುನಿಗಳೂ ಸೇರಿದ ಓಲಗಕ್ಕೆ ಅವನ್ನು ತರಿಸಿದರೆ ಅಕ್ಕಿ ಸೊರಗಿ ಕೆಟ್ಟಿರುತ್ತದೆ, ರಾಗಿ ಹೋದ ಹಾಗೆಯೇ ಬಂದಿರುತ್ತದೆ. ರಾಮ ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಅಕ್ಕಿಯನ್ನೂ ಸಂತೈಸಿ ಕಳಿಸುತ್ತಾನೆ.

ಇಲ್ಲಿ ನಿಲ್ಲೋಣ. ರಾಮನ ಕೈಯಲ್ಲಿ ಗೌತಮನ ಅಭಿಪ್ರಾಯ ಆಗಲೇ ಇತ್ತು. ಋಷಿಯ ಮಾತು, ರಾಜ ಅದಕ್ಕೆ ತಲೆಬಾಗಿದ್ದರೆ ಯಾರೂ ತಪ್ಪು ಎನ್ನುತ್ತಿರಲಿಲ್ಲ. ಹಿರಿಯರು ಹೇಳಿಯಾಗಿದೆ, ಇನ್ನೇನು ಎಂದು ಎದ್ದು ಹೋಗಬಹುದಿತ್ತು. ಆದರೆ ಸೋತ ಕಡೆಯವನು ಅಲ್ಲೇ ನಿಂತು ಒಪ್ಪುವುದಿಲ್ಲ ಎನ್ನುತ್ತಿದ್ದಾನೆ. ಅವನ ಬಾಯಿ ಮುಚ್ಚಿಸಲು ಋಷಿಯ ಹೆಸರನ್ನು ಬಳಸಿದ್ದರೆ ಜಗಳ ಮುಗಿಯುತ್ತಿತ್ತು, ಪ್ರಶ್ನೆ ಮುಗಿಯುತ್ತಿರಲಿಲ್ಲ. ಹಾಗಂತ ರಾಮ ಗೌತಮನನ್ನು ಅಲ್ಲಗಳೆಯುವುದೂ ಇಲ್ಲ. ಋಷಿಯ ಮಾತನ್ನು ಪರೀಕ್ಷೆಗೆ ನಿಲ್ಲಿಸುತ್ತಾನೆ. ಆರು ತಿಂಗಳ ಮೇಲೆ ಗೌತಮನ ಮಾತೇ ನಿಂತಿತು. ಆದರೆ ಆಗ ಅದು ದೊಡ್ಡವರ ಮಾತು ಎಂಬ ಕಾರಣಕ್ಕೆ ನಿಂತದ್ದಲ್ಲ. ದೊಡ್ಡವರಿಗೆ ಒಪ್ಪಿಸುವುದು, ದೊಡ್ಡವರನ್ನು ಒರೆಗೆ ಹಚ್ಚುವುದು ಎರಡೂ ಒಟ್ಟಿಗೆ ಸಾಧ್ಯ ಎಂದು ನಮ್ಮ ಬಾಡದ ಕವಿ ತೋರಿಸಿದ್ದಾರೆ. ಇದನ್ನು ಇಷ್ಟು ಸರಾಗವಾಗಿ ತೋರಿಸಿದ ಇನ್ನೊಂದು ಕನ್ನಡ ಕಾವ್ಯ ನನಗೆ ನೆನಪಾಗುತ್ತಿಲ್ಲ.

ಇನ್ನು ಕಾಲದ ವಿಷಯ. ಈ ಕಥೆಯನ್ನು ಹಾನಗಲ್ ಕಡೆಯ ಭತ್ತ ಬೆಳೆಯುವ ರೈತನಿಗೆ ಹೇಳಿ ನೋಡಿ. ಕೂರಿಗೆಯಲ್ಲಿ ಭತ್ತ ಬಿತ್ತುವ ಸೀಮೆ ಅದು. ಅವನು ಒಂದು ತಕರಾರು ಎತ್ತದೆ ಬಿಡುವುದಿಲ್ಲ. 'ಅಲ್ರೀ ಸರ, ಅಕ್ಕಿ ಮಾಡಿಸಿ ಇಟ್ರ ನುಸಿ ಹತ್ತೋದ ಹತ್ತೋದು. ಒಣಗಿಸಿದ ಭತ್ತ ಇಟ್ಟಿದ್ರ ಆರು ತಿಂಗಳಲ್ಲ, ವರ್ಷಾದ್ರೂ ಏನೂ ಆಗ್ತಿರಲಿಲ್ಲ. ಹಳೇ ಭತ್ತದ ಅನ್ನಾನ ಉದುರುದುರು ಆಗೋದು' ಎನ್ನುತ್ತಾನೆ. ತಕರಾರು ನ್ಯಾಯವಾದದ್ದೇ. ಕಾವ್ಯದ ವ್ರಿಹಿ ಹೊಟ್ಟಿನ ಸಮೇತ ಸೆರೆಗೆ ಹೋಯಿತೋ ಹೊಟ್ಟು ಕಳೆದುಕೊಂಡು ಹೋಯಿತೋ ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ. ಮಾತಾಡುವಾಗ ಅದು ಅಕ್ಕಿಯ ಜಂಬವನ್ನೇ ಮಾತಾಡುತ್ತದೆ. ರಾಗಿಯ ಕಾಳು ಸಣ್ಣದು, ಸಿಪ್ಪೆ ಗಟ್ಟಿ, ಹುಳಕ್ಕೆ ಸುಲಭದ ತುತ್ತಲ್ಲ. ಒಣಗಿಸಿ ಇಟ್ಟರೆ ವರ್ಷಗಟ್ಟಲೆ ಉಳಿಯುತ್ತದೆ. ನಮ್ಮ ಕಡೆ ಜೋಳಕ್ಕೆ ಹಗೇವು ತೋಡುತ್ತಿದ್ದಂತೆ ದಕ್ಷಿಣದ ಬಯಲುಸೀಮೆಯಲ್ಲಿ ರಾಗಿಗೆ ತೋಡುತ್ತಿದ್ದರು. ಅಂದಮೇಲೆ ಆರು ತಿಂಗಳ ಸೆರೆ ಎಂಬ ಪರೀಕ್ಷೆಯಲ್ಲಿ ರಾಗಿ ಗೆಲ್ಲುವುದು ಮೊದಲೇ ಗೊತ್ತಿದ್ದ ವಿಷಯ. ಆರು ದಿನದ ಔತಣವನ್ನು ಪರೀಕ್ಷೆಯಾಗಿ ಇಟ್ಟಿದ್ದರೆ ಅಕ್ಕಿ ಗೆಲ್ಲುತ್ತಿತ್ತು.

ಹಾಗಾದರೆ ರಾಮ ತೀರ್ಪನ್ನು ಮುಂದಕ್ಕೆ ಹಾಕಿದ್ದು ಎಲ್ಲಿ? ಕಾಯುವುದನ್ನೇ ಪರೀಕ್ಷೆ ಎಂದು ಆರಿಸಿದ ಗಳಿಗೆಯಲ್ಲೇ ಅವನು ಅರ್ಧ ತೀರ್ಪು ಕೊಟ್ಟಿದ್ದ. ಧಾನ್ಯದ ಬೆಲೆಯನ್ನು ಹಬ್ಬದ ದಿನ ಅಳೆಯಬೇಡಿ, ಬರಗಾಲದಲ್ಲಿ ಅಳೆಯಿರಿ ಎಂಬುದು ಆ ಅರ್ಧ ತೀರ್ಪು. ನಾನು ಇವತ್ತು ಹೇಳಬೇಕೆಂದಿರುವುದು ಇಷ್ಟೇ. ಮುಂದೂಡಿಕೆ ಎಂದರೆ ಏನನ್ನೂ ತೀರ್ಮಾನಿಸದೆ ಸುಮ್ಮನಿರುವುದು ಎಂದು ನಾವು ನಂಬಿದ್ದೇವೆ. ಅದು ಸುಳ್ಳು. ಕಾಯಬಲ್ಲವನ ಪರವಾಗಿ, ಕಾಯಲಾರದವನ ವಿರುದ್ಧವಾಗಿ ಪ್ರತಿಯೊಂದು ಮುಂದೂಡಿಕೆಯೂ ಆಗಲೇ ಒಂದು ತೀರ್ಪನ್ನು ಕೊಟ್ಟಿರುತ್ತದೆ. ಕನಕದಾಸರ ಕಾವ್ಯದಲ್ಲಿ ಕಾಯಬಲ್ಲವನು ಬಡವರ ಧಾನ್ಯ. ಅದಕ್ಕೇ ಕಥೆ ನಮಗೆ ಖುಷಿ ಕೊಡುತ್ತದೆ. ಕಾವ್ಯದಿಂದ ಈಚೆ ಬಂದರೆ ಪಾತ್ರಗಳು ಅದಲುಬದಲಾಗುತ್ತವೆ.

ಕೋರ್ಟಿನ ಕಟ್ಟೆಯ ಮೇಲೆ ಕೂತವರನ್ನು ನೋಡಿ. ಹೊಲದ ಬದುವಿನ ತಂಟೆಯೋ ಪಾಲಿನ ದಾವೆಯೋ ಇರುತ್ತದೆ. ಒಂದು ಕಡೆಯವನಿಗೆ ಹೊಲ ಕೈಯಲ್ಲಿದೆ, ಬೆಳೆ ಅವನೇ ತೆಗೆಯುತ್ತಿದ್ದಾನೆ. ಇನ್ನೊಂದು ಕಡೆಯವಳು ಗಂಡ ಸತ್ತ ಹೆಂಗಸು, ಅವಳಿಗಿರುವುದು ಕಾಗದ ಮಾತ್ರ. ಎದುರುಗಡೆಯ ವಕೀಲರು ಮುದ್ದತು ಕೇಳುತ್ತಾರೆ, ಸಿಗುತ್ತದೆ. ಕಡತದಲ್ಲಿ ಅದು ಯಾರ ಪರವೂ ಅಲ್ಲದ ಆದೇಶ. ಹೊಲದಲ್ಲಿ ಅದು ಇನ್ನೊಂದು ಸುಗ್ಗಿ. ಅವಳಿಗೆ ಬಸ್ಸಿನ ಚಾರ್ಜು ಹೋಯಿತು, ಕೂಲಿ ಹೋಯಿತು. ಕಾನೂನು ಇದನ್ನು ಕಾಣದೆ ಇಲ್ಲ. ದಿವಾಣಿ ಪ್ರಕ್ರಿಯಾ ಸಂಹಿತೆಯ 17ನೇ ಆದೇಶಕ್ಕೆ 2002ರಲ್ಲಿ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಒಬ್ಬ ಪಕ್ಷಗಾರನಿಗೆ ವಿಚಾರಣೆಯ ಹಂತದಲ್ಲಿ ಮೂರಕ್ಕಿಂತ ಹೆಚ್ಚು ಮುದ್ದತು ಕೊಡುವಂತಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು ಸೇಲಂ ವಕೀಲರ ಸಂಘದ ಪ್ರಕರಣದಲ್ಲಿ, ಕೈಮೀರಿದ ಕಾರಣವಿದ್ದರೆ ಖರ್ಚು ಹಾಕಿ ಇನ್ನೂ ಕೊಡಬಹುದು ಎಂದು ಅದನ್ನು ಸಡಿಲ ಮಾಡಿತು. ಸಡಿಲಿಸಿದ್ದಕ್ಕೆ ಕಾರಣ ಇತ್ತು. ಕಾಯಿಲೆ, ಸಾವು, ನೆರೆ ಯಾರನ್ನೂ ಕೇಳಿ ಬರುವುದಿಲ್ಲ. ಆದರೆ ಆ ಸಣ್ಣ ಕಿಂಡಿಯಲ್ಲಿ ಎಂಥೆಂಥವರು ನುಗ್ಗಿ ಹೋದರು ಎಂಬುದನ್ನು ಇಲ್ಲಿ ಕೂತಿರುವ ವಕೀಲ ಮಿತ್ರರು ನನಗಿಂತ ಚೆನ್ನಾಗಿ ಬಲ್ಲರು.

ಬಡವನ ಪರವಾಗಿಯೇ ಗಡುವು ಮುಂದಕ್ಕೆ ಹೋದದ್ದೂ ಉಂಟು, ಅದನ್ನು ಹೇಳದಿದ್ದರೆ ಅನ್ಯಾಯ. ಭೂಸುಧಾರಣೆ ಕಾನೂನಿನ ಪ್ರಕಾರ 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರ್ಕಾರದಲ್ಲಿ ನಿಹಿತವಾಯಿತು. ಉಳುವವನು ಹಕ್ಕು ಕೇಳಿ 7ನೇ ನಮೂನೆಯಲ್ಲಿ ಅರ್ಜಿ ಕೊಡಬೇಕಿತ್ತು. ಕೊನೆಯ ದಿನ ಮುಂದಕ್ಕೆ ಹೋಗಿ ಹೋಗಿ ಕೊನೆಗೆ 1979ರ ಜೂನ್ 30ಕ್ಕೆ ನಿಂತಿತು. ಒಡೆಯನ ದಾಕ್ಷಿಣ್ಯಕ್ಕೆ ಅರ್ಜಿ ಹಾಕಲು ಅಂಜುತ್ತಿದ್ದವರಿಗೆ, ಓದು ಬಾರದವರಿಗೆ, ಸುದ್ದಿಯೇ ಮುಟ್ಟದವರಿಗೆ ಆ ಹೆಚ್ಚಿನ ವರ್ಷಗಳು ಬೇಕಿದ್ದವು. ಅದೇ ಹೊತ್ತಿನಲ್ಲಿ ದಾಕ್ಷಿಣ್ಯ ಇನ್ನೊಂದು ಕೆಲಸವನ್ನೂ ಮಾಡಿತು. 'ಧಣ್ಯಾರ ಮನಿ ಅನ್ನ ಉಂಡೇವಿ, ಅವರ ಮ್ಯಾಲೆ ಅರ್ಜಿ ಹ್ಯಾಂಗ ಹಾಕೋದ್ರೀ' ಎಂದು ಸುಮ್ಮನಾದವರು ನಮ್ಮ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ನಾಲ್ಕೂ ತಾಲ್ಲೂಕಿನಲ್ಲಿ ಸಿಗುತ್ತಾರೆ. ಕಾಲ ಅವರಿಗಾಗಿ ಐದು ವರ್ಷ ಕಾಯಿತು. ಅವರು ಧಣಿಯ ಮಾತು ಮೀರಲಿಲ್ಲ. ಕೊನೆಗೆ ಹೊಲ ಹೋದದ್ದು ಆ ಒಪ್ಪಿಸುವಿಕೆಯಿಂದ.

ಗಡುವಿನ ಇನ್ನೊಂದು ಕಥೆಗಾಗಿ ಹಿರೇಕೆರೂರು ತಾಲ್ಲೂಕಿನ ಅಬಲೂರಿಗೆ ಬನ್ನಿ. ಸೋಮೇಶ್ವರ ಗುಡಿಯಲ್ಲಿ ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನ ಇದೆ, ಹೆಚ್ಚುಕಡಿಮೆ 1200ರ ಕಾಲದ್ದು. ಶಾಸನ ವಿದ್ವಾಂಸ ಫ್ಲೀಟ್ ಅದನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದ. ಆಳಂದದಲ್ಲಿ ಹುಟ್ಟಿದ ರಾಮಯ್ಯ ಹುಲಿಗೆರೆಗೆ, ಅಲ್ಲಿಂದ ಅಬಲೂರಿಗೆ ಬರುತ್ತಾನೆ. ಜೈನರೊಂದಿಗೆ ವಾದವಾಗುತ್ತದೆ. ತಲೆ ಕತ್ತರಿಸಿ ಶಿವನಿಗೆ ಒಪ್ಪಿಸುತ್ತೇನೆ, ಅದನ್ನು ಮರಳಿ ಪಡೆದರೆ ನಿಮ್ಮ ಜಿನನನ್ನು ತೆಗೆದು ಶಿವನನ್ನು ನಿಲ್ಲಿಸಬೇಕು ಎಂದು ಪಂಥ ಹಾಕುತ್ತಾನೆ. ಪಂಥವನ್ನು ಓಲೆಯ ಮೇಲೆ ಬರೆಸಿಕೊಳ್ಳುತ್ತಾನೆ. ಏಳು ದಿನದ ಮೇಲೆ ತಲೆ ಕಲೆಯಿಲ್ಲದೆ ಕೂಡಿಕೊಂಡಿತು ಎನ್ನುತ್ತದೆ ಶಾಸನ. ಎದುರಿನವರು ಮಾತಿಗೆ ನಿಲ್ಲಲಿಲ್ಲ, ರಾಮಯ್ಯ ಜಿನನ ಮೂರ್ತಿ ಒಡೆದ, ಹೊಡೆದಾಟವಾಯಿತು, ದೂರು ರಾಜ ಬಿಜ್ಜಳನ ಮುಂದೆ ಹೋಯಿತು. ರಾಮಯ್ಯ ಓಲೆ ತೋರಿಸಿದ, ಬೇಕಾದರೆ ಇನ್ನೊಮ್ಮೆ ಮಾಡಿ ತೋರಿಸುತ್ತೇನೆ ಎಂದ. ಎದುರಾಳಿಗಳು ಒಪ್ಪದಿದ್ದಾಗ ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟ. ಮುಂದೆ ಹಾನಗಲ್ಲಿನ ಕದಂಬ ಕಾಮದೇವನೂ ಆ ದೇವರಿಗೆ ದತ್ತಿ ಬಿಟ್ಟ.

ಇದು ಗೆದ್ದವರು ಕೆತ್ತಿಸಿದ ಕಲ್ಲು ಎಂಬುದನ್ನು ಮರೆಯಬಾರದು. ಸೋತವರ ಕಡೆಯಿಂದ ಇಂಥ ಕಲ್ಲಿಲ್ಲ. ಪವಾಡವನ್ನು ನಂಬುವುದು ಬಿಡುವುದು ನಿಮ್ಮ ನಿಮ್ಮ ಭಕ್ತಿಗೆ ಬಿಟ್ಟದ್ದು. ಮೂರ್ತಿ ಒಡೆದದ್ದನ್ನು ನಾನಂತೂ ಹೊಗಳಲಾರೆ. ನನಗೆ ಬೇಕಾದದ್ದು ಅದರ ವ್ಯವಹಾರದ ಕಡೆ. ಪಂಥಕ್ಕೆ ಅವಧಿ ಇತ್ತು, ಬರವಣಿಗೆ ಇತ್ತು, ಕೊನೆಗೆ ಕೇಳುವವನೊಬ್ಬ ಇದ್ದ. ಅಷ್ಟಿದ್ದರೂ ಅವಧಿ ಮುಗಿದ ದಿನ ಒಂದು ಪಕ್ಷ ಮಾತಿಗೆ ತಪ್ಪಿತು. ಎಂಟು ನೂರು ವರ್ಷದ ಹಿಂದೆಯೂ ಬಾಯಿಮಾತಿನ ಗಡುವನ್ನು ಯಾರೂ ನಂಬುತ್ತಿರಲಿಲ್ಲ. ರಾಜನ ಮುಂದೆ ರಾಮಯ್ಯನ ಕೈಯಲ್ಲಿ ಉಳಿದ ಆಧಾರ ಆ ಓಲೆ.

ಗಡುವು ಮುಗಿದ ದಿನ ತಕರಾರು ತೆಗೆಯುವುದು ಇನ್ನೂ ಹಳೆಯ ಚಾಳಿ. ಹಾನಗಲ್ಲಿನವರಿಗೆ ಇದನ್ನು ಹೇಳಬೇಕಾಗಿಲ್ಲ. ನಿಮ್ಮ ಊರೇ ವಿರಾಟನಗರ ಎಂಬ ಐತಿಹ್ಯ ಇದೆ, ಶಾಸನಗಳಲ್ಲೂ ವಿರಾಟನ ಕೋಟೆ ಎಂಬ ಹೆಸರು ಬರುತ್ತದೆ. ಪಾಂಡವರಿಗೆ ಹನ್ನೆರಡು ವರ್ಷ ವನವಾಸ, ಒಂದು ವರ್ಷ ಅಜ್ಞಾತವಾಸ. ರಾಜ್ಯವನ್ನು ಹದಿಮೂರು ವರ್ಷ ಮುಂದಕ್ಕೆ ಹಾಕಿದ ಒಪ್ಪಂದ ಅದು. ಗೋಗ್ರಹಣದ ದಿನ ಅರ್ಜುನ ಎದುರಿಗೆ ಬಂದು ನಿಂತಾಗ ದುರ್ಯೋಧನ ಎತ್ತಿದ ಮೊದಲ ಮಾತೇ ಅವಧಿ ಮುಗಿದಿಲ್ಲ ಎಂಬುದು. ಭೀಷ್ಮ ಪಂಚಾಂಗದ ಲೆಕ್ಕ ಬಿಚ್ಚುತ್ತಾನೆ. ಐದೈದು ವರ್ಷಕ್ಕೆ ಎರಡು ಅಧಿಕಮಾಸ ಬರುತ್ತವೆ, ಹದಿಮೂರು ವರ್ಷಕ್ಕೆ ಐದು ತಿಂಗಳು ಹನ್ನೆರಡು ದಿನ ಹೆಚ್ಚೇ ಆಗಿದೆ ಎನ್ನುತ್ತಾನೆ. ಸ್ವಂತ ಪಕ್ಷದ ಸೇನಾನಿ ಎದುರು ಪಕ್ಷದ ಪರವಾಗಿ ದಿನ ಎಣಿಸಿ ಹೇಳಿದ್ದು ಭೀಷ್ಮನ ದೊಡ್ಡತನ. ಆದರೂ ರಾಜ್ಯ ಬರಲಿಲ್ಲ, ಯುದ್ಧ ಬಂತು. ಕನಕದಾಸರು ತಮ್ಮ ರಾಗಿಯ ಕಥೆಯನ್ನು ಹೇಳಿಸುವುದು ಯಾರಿಗೆ ಗೊತ್ತೆ? ಕಾಡಿನಲ್ಲಿ ದಿನ ಎಣಿಸುತ್ತಿದ್ದ ಧರ್ಮರಾಯನಿಗೆ, ಶಾಂಡಿಲ್ಯ ಮುನಿಯ ಬಾಯಿಂದ. ಕಾಯುವವನ ಕಿವಿಗೆ ಕಾದು ಗೆದ್ದವನ ಕಥೆ. ಕವಿ ಅದನ್ನು ಬೇಕೆಂದೇ ಅಲ್ಲಿಟ್ಟರು ಎಂದು ನನ್ನ ನಂಬಿಕೆ. ಮಳೆ ಹೋದಾಗ ವಿರಾಟಪರ್ವ ಓದಿಸುವ ರೂಢಿ ನಮ್ಮ ಜನರಲ್ಲಿ ಉಳಿದು ಬಂದದ್ದೂ ಇಂಥದೇ ಯಾವುದೋ ಕಾರಣಕ್ಕೆ ಇರಬಹುದು, ಗಟ್ಟಿಯಾಗಿ ಹೇಳಲಾರೆ.

ಮಳೆಯ ಮಾತು ಬಂತು. ಒಕ್ಕಲುತನದಲ್ಲಿ ಮುಂದೂಡಲು ಬರುವುದು ಬಹಳ ಕಡಿಮೆ. ಹದ ಸಿಕ್ಕಾಗ ಬಿತ್ತಬೇಕು, ಬಿತ್ತಿದ ಮೇಲೆ ಗೊಬ್ಬರ ಆ ವಾರದಲ್ಲೇ ಬೀಳಬೇಕು. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ ಗೋಲಿಬಾರ್ ನಡೆದು ಇಬ್ಬರು ಪ್ರಾಣ ಕಳೆದುಕೊಂಡರು. ಸರಬರಾಜು ಮಾಡುವವರಿಗೆ ನಾಲ್ಕು ದಿನ ಆಚೀಚೆ ಆದದ್ದು ಆಡಳಿತದ ಒಂದು ತೊಡಕು. ಹೊಲದವನಿಗೆ ಆ ನಾಲ್ಕು ದಿನ ಎಂದರೆ ಒಂದು ವರ್ಷದ ಅನ್ನ. ಇದಕ್ಕಿಂತ ಹೆಚ್ಚು ನಾನು ಹೇಳುವುದಿಲ್ಲ. ಆ ಮುಂಗಾರನ್ನು ಕಂಡವರು ಈ ಸಭೆಯಲ್ಲೇ ಇದ್ದಾರೆ.

ಸಾಲದ ಕಂತು ಮಾತ್ರ ಒಮ್ಮೆ ಮುಂದಕ್ಕೆ ಹೋಯಿತು. ಕೋವಿಡ್ ಬಂದ 2020ರಲ್ಲಿ ರಿಸರ್ವ್ ಬ್ಯಾಂಕು ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ ಕಂತು ಕಟ್ಟದಿದ್ದರೂ ನಡೆಯುತ್ತದೆ ಎಂದು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಎಣಿಸಿ ನೋಡಿ, ಸರಿಯಾಗಿ ಆರು ತಿಂಗಳು, ರಾಮ ಕೊಟ್ಟಷ್ಟೇ. ಆದರೆ ಆ ಆರು ತಿಂಗಳು ಬಡ್ಡಿ ಸೆರೆಯಲ್ಲಿರಲಿಲ್ಲ, ಹೊರಗೆ ಓಡಾಡುತ್ತಲೇ ಇತ್ತು. ಕಟ್ಟದೆ ಉಳಿದ ಬಡ್ಡಿಯ ಮೇಲೆ ಬಡ್ಡಿ ಬೀಳುವುದನ್ನು ನಿಲ್ಲಿಸಲು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. 2021ರ ಮಾರ್ಚಿನಲ್ಲಿ ನ್ಯಾಯಾಲಯ ಆ ಅವಧಿಗೆ ಚಕ್ರಬಡ್ಡಿ ಕೂಡದು ಎಂದಿತು. ಮಾಮೂಲಿ ಬಡ್ಡಿ ಉಳಿಯಿತು. ಸಂಬಳದವನು ಲೆಕ್ಕ ಹಾಕಿ, ಕಂತು ಕಟ್ಟುತ್ತ ಹೋಗಿ ಪಾರಾದ. ಮುಂದೂಡಿಕೆಯ ಸೌಲಭ್ಯವನ್ನು ನಿಜವಾಗಿ ಬಳಸಲೇಬೇಕಾದವನು ಅದರ ಬೆಲೆಯನ್ನೂ ತೆತ್ತ.

ಈಗ ಸವಣೂರು. ಎಲೆ, ಖಾರ, ನವಾಬರು ಎಂದು ಹೆಸರಾದ ಊರಿನಲ್ಲಿ 1909ರಲ್ಲಿ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದರು. ಅವರ ಮಹಾಕಾವ್ಯವನ್ನು ಬಿಟ್ಟು ನಾನು ಅವರ ವರದಿಯ ಬಗ್ಗೆ ಮಾತಾಡುತ್ತೇನೆ. ಕವಿಗೆ ಇದು ಸ್ವಲ್ಪ ಅನ್ಯಾಯ, ಆದರೆ ಜನ ಅವರನ್ನು ನೆನೆಯುವುದು ಹೆಚ್ಚಾಗಿ ವರದಿಯಿಂದಲೇ. ಪ್ರೌಢಶಾಲೆಯಲ್ಲಿ ಪ್ರಥಮ ಭಾಷೆ ಯಾವುದಿರಬೇಕು ಎಂಬ ಪ್ರಶ್ನೆ ಗುಂಡೂರಾಯರ ಸರ್ಕಾರಕ್ಕೆ ಇಕ್ಕಟ್ಟಾಗಿತ್ತು. ಒಂದು ಕಡೆ ಸಂಸ್ಕೃತದವರು, ಒಂದು ಕಡೆ ಕನ್ನಡದವರು, ಇನ್ನೊಂದು ಕಡೆ ಭಾಷಾ ಅಲ್ಪಸಂಖ್ಯಾತರು. 1980ರಲ್ಲಿ ಸಮಿತಿ ನೇಮಿಸಿ ಗೋಕಾಕರನ್ನು ಅಧ್ಯಕ್ಷರನ್ನಾಗಿ ಮಾಡಿದರು. ಅಂದರೆ ತೀರ್ಮಾನವನ್ನು ಬಲ್ಲವರಿಗೆ ಒಪ್ಪಿಸಿದರು. 1981ರ ಜನವರಿಯಲ್ಲಿ ವರದಿ ಬಂತು. ಕನ್ನಡವೇ ಏಕೈಕ ಪ್ರಥಮ ಭಾಷೆ, ಅದಕ್ಕೆ 150 ಅಂಕ ಎಂದಿತು. ಬಲ್ಲವರು ಇಷ್ಟು ಸ್ಪಷ್ಟವಾಗಿ ಹೇಳುತ್ತಾರೆಂದು ಯಾರು ಎಣಿಸಿದ್ದರು? ಇನ್ನು ಅವರ ಮಾತು ಹಿಡಿಯುವಂತಿಲ್ಲ, ಬಿಡುವಂತಿಲ್ಲ. ಹಾಗಾಗಿ ವರದಿಯನ್ನು ಕಾಲಕ್ಕೆ ಒಪ್ಪಿಸಿದರು. ಆ ಕಾಲವೇ ಚಳವಳಿಯಾಗಿ ತಿರುಗಿ ಬಂತು. 1982ರಲ್ಲಿ ಧಾರವಾಡದ ಸಾಹಿತಿಗಳಿಂದ ಹಿಡಿದು ಡಾ. ರಾಜ್‌ಕುಮಾರ್ ವರೆಗೆ ಎಲ್ಲರೂ ಬೀದಿಗೆ ಬಂದರು. ಆ ವರ್ಷದ ಜುಲೈನಲ್ಲಿ ಸರ್ಕಾರದ ಆದೇಶ ಹೊರಟಿತು. ಆದೇಶದ ಮುಖ್ಯ ಭಾಗವನ್ನು 1989ರಲ್ಲಿ ಹೈಕೋರ್ಟು ಅಲ್ಪಸಂಖ್ಯಾತರ ಹಕ್ಕಿನ ಪ್ರಶ್ನೆಯ ಮೇಲೆ ರದ್ದುಮಾಡಿತು.

ಹೈಕೋರ್ಟಿನ ಮಾತು ಸರಿಯೋ ತಪ್ಪೋ ಎಂದು ಮನೆಗಳಲ್ಲಿ ಇವತ್ತಿಗೂ ವಾದ ನಡೆಯುತ್ತದೆ. ನನ್ನ ಅಭಿಪ್ರಾಯ ಇಷ್ಟು. ಸರ್ಕಾರ ವರದಿ ಬಂದ ವರ್ಷವೇ ಅದನ್ನು ಸದನದ ಮುಂದಿಟ್ಟು, ಅಲ್ಪಸಂಖ್ಯಾತರ ತಕರಾರನ್ನು ಬಹಿರಂಗವಾಗಿ ಕೇಳಿ, ಇದಿಷ್ಟು ಒಪ್ಪುತ್ತೇವೆ, ಇದಿಷ್ಟು ಇಲ್ಲ, ಕಾರಣ ಇದು ಎಂದಿದ್ದರೆ ಪ್ರಶ್ನೆ ಬೀದಿಯಲ್ಲಿ ಕಾವು ಏರಿ, ಕೋರ್ಟಿನಲ್ಲಿ ತಣ್ಣಗಾಗುವ ಪಾಡು ಬರುತ್ತಿರಲಿಲ್ಲ. ನಮ್ಮಲ್ಲಿ ಸಮಿತಿ ಎಂಬುದು ತಿಳಿದವರಿಗೆ ಮರ್ಯಾದೆ ಕೊಡುವ ನೆಪದಲ್ಲಿ ಕಾಲ ಕೊಳ್ಳುವ ಉಪಾಯವಾಗಿಬಿಟ್ಟಿದೆ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಎಣಿಸಿ, ಎಂಟು ವರ್ಷದ ಯೋಜನೆ ಹೇಳಿತು. ಎಂಟು ವರ್ಷ ಯಾವತ್ತೋ ಮುಗಿದು, ಅದೇ ಪ್ರಶ್ನೆಗೆ ಮತ್ತೊಂದು ಸಮಿತಿ ಬಂತು.

ಸವಣೂರು ಬಿಡುವ ಮುನ್ನ ಅಲ್ಲಿಯ ದೊಡ್ಡಹುಣಸೆ ಮರಗಳ ಮಾತು. ಆಫ್ರಿಕಾ ಮೂಲದ ಮೂರು ಮರಗಳು, ಸೊಂಟ ತಬ್ಬಲು ಹತ್ತಾರು ಜನ ಬೇಕು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿತು. ಬಿದ್ದ ಮರವನ್ನು ಸತ್ತ ಮರ ಎಂದು ಬರೆದುಕೊಳ್ಳುವುದು ರೂಢಿ. ಸವಣೂರಿನಲ್ಲಿ ಹಾಗೆ ಮಾಡದೆ ಅದನ್ನು ಎತ್ತಿ ಮತ್ತೆ ನೆಟ್ಟು ನಿಲ್ಲಿಸಿದರು. ಇದೂ ಒಂದು ಮುಂದೂಡಿಕೆ. ಇದರಲ್ಲಿ ಕಾಯುವ ಕಷ್ಟವನ್ನು ಹೊತ್ತವರು ಮುಂದೂಡಿದವರೇ.

ಇನ್ನೊಬ್ಬರ ತೀರ್ಮಾನಕ್ಕೆ ಒಪ್ಪಿಸುವ ಬಗ್ಗೆ ಇನ್ನೊಂದಿಷ್ಟು ಹೇಳಬೇಕು. ಶಿಗ್ಗಾಂವಿ ತಾಲ್ಲೂಕಿನ ಶಿಶುವಿನಹಾಳದ ಶರೀಫರು ಕಳಸದ ಗೋವಿಂದ ಭಟ್ಟರಿಗೆ ಶಿಷ್ಯರಾದರು. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಶರೀಫರು ಗುರುವಿಗೆ ಸಂಪೂರ್ಣ ಒಪ್ಪಿಸಿಕೊಂಡವರು, ಹಾಡುಹಾಡಿನಲ್ಲಿ ಗುರುವಿನ ಹೆಸರು ತಂದವರು. ಆದರೆ ಆ ಹಾಡುಗಳಲ್ಲಿ ಮಾತಾಡುವ ನಾಲಿಗೆ ಯಾರದು? ಭಟ್ಟರದಲ್ಲ, ಶರೀಫರದೇ. ಗುರುವಿಗೆ ಬಾಗಿದವರ ಬಾಯಿ ಕಟ್ಟಿಹೋಗಲಿಲ್ಲ. ಒಪ್ಪಿಸುವಿಕೆ ಸರಿಯಾದ ಜಾಗದಲ್ಲಿ ಆಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಗೊತ್ತಿರುವ ಒರೆಗಲ್ಲು ಇದೊಂದೇ. ಒಪ್ಪಿಸಿದವರು ಆಮೇಲೆ ಹೆಚ್ಚು ಮಾತಾಡುತ್ತಾರೋ, ಮಾತು ಬಿಡುತ್ತಾರೋ ನೋಡಬೇಕು.

ಗ್ರಾಮ ಪಂಚಾಯ್ತಿ ಸಭೆಗೆ ಹೋಗಿ ಅದೇ ಒರೆಗಲ್ಲು ಹಚ್ಚಿ. 2010ರ ತಿದ್ದುಪಡಿಯಿಂದ ನಮ್ಮ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗೆ. ಠರಾವಿಗೆ ಸಹಿ ಹಾಕುವ ಹೊತ್ತಿಗೆ 'ನಮ್ಮ ಮನಿಯವರನ್ನ ಒಂದ್ ಮಾತ್ ಕೇಳಿ ಹೇಳ್ತೀನ್ರೀ' ಎನ್ನುವ ಅಕ್ಕಂದಿರು ಇನ್ನೂ ಇದ್ದಾರೆ. ಅದನ್ನು ಕೇಳಿ ನಗುವ ಗಂಡಸರು ತಾವು ಶಾಸಕರ ಮನೆಯವರನ್ನು ಕೇಳದೆ ಒಂದು ಚರಂಡಿಯನ್ನೂ ತೋಡಿಸುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಎರಡನೇ ಅವಧಿಗೆ ಆರಿಸಿ ಬಂದ ಹೆಣ್ಣುಮಕ್ಕಳು ಬಹಳ ಕಡೆ ಕೇಳಿ ಹೇಳುವುದನ್ನು ಬಿಟ್ಟು ಹೇಳಿ ಕೇಳಿಸುವುದನ್ನು ಕಲಿತಿದ್ದಾರೆ. ಲೋಕಸಭೆ, ವಿಧಾನಸಭೆಗಳಿಗೆ ಮೂರನೇ ಒಂದು ಪಾಲು ಕೊಡುವ ಕಾನೂನು 2023ರಲ್ಲಿ ಒಪ್ಪಿಗೆ ಪಡೆದಾಗ ಮಾತ್ರ, ಮುಂದಿನ ಜನಗಣತಿ ಆಗಿ, ಕ್ಷೇತ್ರ ಮರುವಿಂಗಡಣೆ ಆದ ಮೇಲೆ ಎಂದು ಅದರಲ್ಲೇ ಬರೆದರು. ವರ್ಷ ಬರೆಯಲಿಲ್ಲ. ರಾಮ ಸೆರೆಗೆ ಹಾಕುವಾಗ ತಿಂಗಳು ಹೇಳಿದ್ದ.

ತಾರೀಖಿಲ್ಲದ ಮುಂದೂಡಿಕೆ ನಮ್ಮ ನಾಡಿನಲ್ಲಿ ದೆವ್ವಕ್ಕೂ ಸಿಕ್ಕಿತ್ತು. ರಾತ್ರಿ ಬಂದು ಕದ ಬಡಿಯುತ್ತದೆ ಎಂದು ಹೆದರಿ ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಕಾಲ ನೆನಪಿರಬೇಕು ನಿಮಗೆ. ದೆವ್ವ ಓದಿಕೊಂಡು ವಾಪಸು ಹೋಗುತ್ತದೆ, ಮರುದಿನ ಬಂದರೆ ಮತ್ತೆ ಅದೇ ಬರಹ. ಮನೆಯ ಬಾಗಿಲಿಂದ ಆ ಅಕ್ಷರ ಅಳಿಸಿಹೋದವು. ಕಚೇರಿಗಳ ಬಾಗಿಲಲ್ಲಿ ಬರೆಯದೆಯೇ ಉಳಿದವು. ಪಿಂಚಣಿ ಕೇಳಲು ಹೋದ ಮುದುಕಿಗೆ, ಪಹಣಿಯಲ್ಲಿ ಹೆಸರು ತಿದ್ದಿಸಲು ಹೋದ ಮುದುಕನಿಗೆ ಸಿಗುವ ಉತ್ತರ ಅದೇ. ಸಾಹೇಬರು ಮೀಟಿಂಗಿಗೆ ಹೋಗ್ಯಾರ, ಸರ್ವರ್ ಡೌನ್ ಐತಿ, ಸೋಮವಾರ ಬರ್ರಿ. ಯಾವ ಸೋಮವಾರ ಎಂದು ಕೇಳುವ ಧೈರ್ಯ ಆ ಮುದುಕನಿಗೆ ಇರುವುದಿಲ್ಲ. ಅವನೂ ಒಪ್ಪಿಸಿಬಿಡುತ್ತಾನೆ, ಕಾಲಕ್ಕೂ, ಸಾಹೇಬರಿಗೂ.

ಕೇಳುವುದಕ್ಕೆ ಒಂದು ಕಾನೂನು ಇದೆ. ಕರ್ನಾಟಕ ನಾಗರಿಕ ಸೇವೆಗಳ ಖಾತರಿ ಅಧಿನಿಯಮ 2011ರಲ್ಲಿ ಆಯಿತು, 2012ರಿಂದ ಸಕಾಲ ಎಂಬ ಹೆಸರಿನಲ್ಲಿ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಅರ್ಜಿ ಕೊಟ್ಟ ಕೂಡಲೇ ನಂಬರು ಇರುವ ಸ್ವೀಕೃತಿ ಚೀಟಿ ಕೊಡಬೇಕು, ಆ ಸೇವೆಗೆ ಗೊತ್ತುಮಾಡಿದ ದಿನದೊಳಗೆ ಕೆಲಸ ಆಗಬೇಕು. ತಡವಾದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಪರಿಹಾರ, ಅದೂ ತಡ ಮಾಡಿದ ನೌಕರನ ಸಂಬಳದಿಂದ. ಮೊತ್ತ ಸಣ್ಣದು. ಆದರೆ ಕಾಯುವ ಖರ್ಚನ್ನು ಕಾಯಿಸಿದವನ ಹೆಸರಿಗೆ ಬರೆದ ಇಂಥ ಕಾನೂನುಗಳು ನಮ್ಮಲ್ಲಿ ಹೆಚ್ಚಿಲ್ಲ. ಈ ಸಭೆಯಲ್ಲಿ ಓದು ಬಲ್ಲವರು ಬಹಳ ಜನ ಇದ್ದೀರಿ. ನಿಮ್ಮ ಊರಿನ ಒಬ್ಬ ಮುದುಕಿಯ ಜೊತೆ ಒಂದು ದಿನ ತಾಲ್ಲೂಕು ಕಚೇರಿಗೆ ಹೋಗಿ. ಅರ್ಜಿ ಕೊಟ್ಟ ಮೇಲೆ ಅವಳ ಚೀಟಿ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ತಾರೀಖು ಇದೆಯೇ ಎಂದು ಅಲ್ಲೇ ನಿಂತು ಓದಿ.